ಮಗುವಿನ ಅಸ್ತಮಾ: ಚೀಟಿ ಬರೆದುಕೊಟ್ಟರೆ ಸಾಲದು, ಮನೆಯವರ ಕೈಗೆ ಕಲಿಸುವುದು ಹೇಗೆ?

ಓಪಿಡಿ_ಸಿಸ್ಟರ್ (ಚರ್ಚೆ ಆರಂಭ)

ತಾಲೂಕು ಆಸ್ಪತ್ರೆಯ ಮಕ್ಕಳ ಓಪಿಡಿಗಾಗಿ ಅಸ್ತಮಾ ಮಕ್ಕಳ ಮನೆಯವರಿಗೆ ಹೇಳಿಕೊಡುವ 20 ನಿಮಿಷದ ಪಾಠವೊಂದನ್ನು ಸಿದ್ಧ ಮಾಡುತ್ತಿದ್ದೇವೆ. ಹೊರಗೆ ಸಾಲು ನಿಂತಿರುತ್ತೆ, ಅದಕ್ಕಿಂತ ಹೆಚ್ಚು ಸಮಯ ಸಿಗುವುದಿಲ್ಲ. ಈಗ ಇರುವ ಕ್ರಮ ಇದು: ಮೊದಲು ಶ್ವಾಸನಾಳದ ಚಿತ್ರ ಇಟ್ಟುಕೊಂಡು ಕಾಯಿಲೆ ಏನೆಂದು ಹೇಳುವುದು, ಆಮೇಲೆ ಎರಡು ಬಗೆಯ ಔಷಧ, ಆಮೇಲೆ ಯಾವುದರಿಂದ ದೂರ ಇರಬೇಕು, ಕೊನೆಗೆ ಸ್ಪೇಸರ್ (ಇನ್ಹೇಲರ್‌ಗೆ ಸೇರಿಸುವ ಪ್ಲಾಸ್ಟಿಕ್ ಕೊಳವೆ) ಬಳಸಿ ತೋರಿಸುವುದು, ಯಾವಾಗ ಆಸ್ಪತ್ರೆಗೆ ಓಡಬೇಕು.

ತೊಂದರೆ ಎಂದರೆ ಕೊನೆಯ ಎರಡಕ್ಕೆ ಬರುವಷ್ಟರಲ್ಲಿ ಸಮಯ ಮುಗಿದಿರುತ್ತೆ, ಮಗು ಅಳುತ್ತಿರುತ್ತೆ, ಬಸ್ಸಿನ ಹೊತ್ತೂ ಆಗಿರುತ್ತೆ. ಏನನ್ನು ಬಿಡಬಹುದು, ಯಾವುದನ್ನು ಮುಂದಕ್ಕೆ ತರಬೇಕು? ಈ ಕೆಲಸದಲ್ಲಿ ಇರುವವರು ದಯವಿಟ್ಟು ನೇರವಾಗಿ ತಿದ್ದಿ.

ಮಕ್ಕಳ_ಡಾಕ್ಟ್ರು

ಕ್ರಮವನ್ನು ತಲೆಕೆಳಗು ಮಾಡಿ. ಸ್ಪೇಸರ್ ಮೊದಲು. ಉಳಿದದ್ದೆಲ್ಲ ಆಮೇಲೆ.

ಮಗುವಿಗೆ ಎಷ್ಟೇ ಸರಿಯಾದ ಔಷಧ ಬರೆದುಕೊಟ್ಟರೂ ಅದು ಶ್ವಾಸಕೋಶಕ್ಕೆ ಇಳಿಯುವುದು ತಾಯಿಯೋ ಅಜ್ಜಿಯೋ ಸ್ಪೇಸರ್ ಹಿಡಿಯುವ ರೀತಿಯ ಮೇಲೆ. ಕೈ ತಪ್ಪಿದರೆ ಔಷಧ ಕೆನ್ನೆಗೆ, ನಾಲಿಗೆಗೆ, ಗಾಳಿಗೆ. ಆಗ ಮನೆಯವರು ‘ಇನ್ಹೇಲರ್ ಕೆಲಸ ಮಾಡಲ್ಲ’ ಅನ್ನುತ್ತಾರೆ. ಡಾಕ್ಟರೂ ಕೈ ನೋಡದೆ ಡೋಸ್ ಏರಿಸುತ್ತಾರೆ. ಡೋಸ್ ಏರಿಸುವ ಮೊದಲು ಕೇಳಬೇಕಾದ್ದು ಎರಡೇ ಮಾತು: ದಿನಾ ಕೊಡ್ತಿದ್ದೀರಾ? ಹೇಗೆ ಕೊಡ್ತೀರಿ, ತೋರಿಸಿ.

ಕಾಯಿಲೆಯ ವಿವರಣೆಗೆ ಎರಡು ನಿಮಿಷ ಸಾಕು. ಶ್ವಾಸನಾಳದಲ್ಲಿ ಮೂರು ಆಗುತ್ತದೆ: ಸುತ್ತಲಿನ ಸ್ನಾಯು ಬಿಗಿಯುತ್ತೆ, ಒಳಪದರ ಊದುತ್ತೆ, ಕಫ ಸೇರುತ್ತೆ. ತುರ್ತಿಗೆ ಕೊಡುವ ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಮಾತ್ರ ಸಡಿಲಿಸುತ್ತೆ. ಕೆಲವೇ ನಿಮಿಷದಲ್ಲಿ ಆರಾಮ, 4ರಿಂದ 6 ಗಂಟೆಯಲ್ಲಿ ಅದರ ಕೆಲಸ ಮುಗಿಯಿತು. ಊತ ಹಾಗೇ ಇರುತ್ತೆ. ಊತ ಇಳಿಸುವುದು ಬ್ಯುಡೆಸೊನೈಡ್, ಫ್ಲುಟಿಕಾಸೋನ್, ಬೆಕ್ಲೊಮೆಥಸೋನ್‌ನಂಥ ಉಸಿರಿನಲ್ಲಿ ಎಳೆಯುವ ಸ್ಟೀರಾಯ್ಡ್. ಅದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಕೊಟ್ಟ ತಕ್ಷಣ ಏನೂ ಗೊತ್ತಾಗುವುದಿಲ್ಲ. ಹಾಗಾಗಿಯೇ ಮನೆಯವರು ಮೊದಲು ಬಿಡುವುದು ಅದನ್ನೇ.

ಕಲಿಸಿದರೆ ಪ್ರಯೋಜನವೇ ಎಂದು ಕೇಳುವ ಆಡಳಿತದವರಿಗೆ ತೋರಿಸಲು ಒಂದು ಲೆಕ್ಕ: 2009ರ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಅಂತರರಾಷ್ಟ್ರೀಯ ತಂಡ) ವಿಮರ್ಶೆ 38 ಅಧ್ಯಯನಗಳ, 7,843 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿತ್ತು. ಅಸ್ತಮಾಗೆಂದು ತುರ್ತು ವಿಭಾಗಕ್ಕೆ ಬಂದ ಮಕ್ಕಳಿಗೂ ಮನೆಯವರಿಗೂ ಹೇಳಿಕೊಟ್ಟರೆ ಮತ್ತೆ ತುರ್ತು ವಿಭಾಗಕ್ಕೆ ಬರುವುದು ಸುಮಾರು ಕಾಲು ಭಾಗ ಕಡಿಮೆಯಾಗಿತ್ತು, ದಾಖಲಾಗುವುದೂ ತಗ್ಗಿತ್ತು.

ಉಸಿರಾಟ_ಶಿಕ್ಷಕಿ

ಮೇಲಿನ ಮಾತು ಅಕ್ಷರಶಃ ನಿಜ. ಸ್ಪೇಸರ್ ವಿಷಯವನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಎಡವುವುದು ಸಣ್ಣ ಸಣ್ಣ ಕಡೆಗಳಲ್ಲಿ.

ಮೊದಲು ಇನ್ಹೇಲರ್‌ನ ಮುಚ್ಚಳ ತೆಗೆದು ಅದರ ಬಾಯಿಯೊಳಗೆ ಇಣುಕಿ ನೋಡಬೇಕು, ಚೀಲದಲ್ಲಿದ್ದ ಚೂರುಪಾರು ಸಿಕ್ಕಿಕೊಂಡಿರಬಹುದು. ಡಬ್ಬಿ ನೆಟ್ಟಗೆ ಹಿಡಿದು ಐದಾರು ಸಲ ಚೆನ್ನಾಗಿ ಕುಲುಕಬೇಕು. ಕುಲುಕದಿದ್ದರೆ ಒಂದು ಪಫ್‌ನಲ್ಲಿ (ಒಂದು ಸಲ ಒತ್ತಿದಾಗ ಬರುವುದು) ಔಷಧ ಕಡಿಮೆ, ಇನ್ನೊಂದರಲ್ಲಿ ಜಾಸ್ತಿ. ಸ್ಪೇಸರ್‌ನ ಹಿಂಬದಿಗೆ ಸೇರಿಸಿ, ಮಾಸ್ಕಿನ ಕಿರಿದಾದ ತುದಿ ಮೂಗಿನ ಮೇಲೆ, ಅಗಲದ ತುದಿ ಗಲ್ಲದ ಮೇಲೆ ಕೂರುವಂತೆ ಒತ್ತಬೇಕು. ಬಹಳ ಜನ ಇದನ್ನು ತಿರುಗಾಮುರುಗಾ ಹಿಡಿಯುತ್ತಾರೆ. ಆಗ ಕಣ್ಣಿನ ಹತ್ತಿರ ಸಂದು ಉಳಿದು ಔಷಧ ಅಲ್ಲಿಂದಲೇ ಹೋಗುತ್ತೆ.

ಮಾಸ್ಕ್ ಕೂತ ಮೇಲೆ, ಪಫ್ ಒತ್ತುವ ಮೊದಲೇ ಸ್ಪೇಸರ್‌ನ ಕವಾಟ ನೋಡಿ. ಮಗು ಉಸಿರಾಡಿದಂತೆ ಆ ತೆಳ್ಳನೆಯ ಎಲೆ ತೆರೆದು ಮುಚ್ಚುವುದು ಕಾಣುತ್ತೆ. ಅದು ಅಲ್ಲಾಡದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ. ಕವಾಟ ಆಡುತ್ತಿರುವುದು ಕಂಡ ಮೇಲೆ ಒಂದೇ ಪಫ್. ಆಮೇಲೆ ಐದಾರು ಸಹಜ ಉಸಿರು, ಎಣಿಸುತ್ತಾ. ಮಾಸ್ಕ್ ತೆಗೆದು ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ, ಎರಡನೇ ಪಫ್.

ಎರಡು ಪಫ್ ಒಟ್ಟಿಗೆ ಒತ್ತಿದರೆ ಬೇಗ ಮುಗಿಯುತ್ತೆ ಅನ್ನಿಸುತ್ತೆ. ಆದರೆ ಸ್ಪೇಸರ್ ಒಳಗೆ ಹನಿಗಳು ಒಂದಕ್ಕೊಂದು ಡಿಕ್ಕಿಯಾಗಿ ದಪ್ಪವಾಗಿ ಗೋಡೆಗೆ ಅಂಟುತ್ತವೆ, ಮಗುವಿಗೆ ಎರಡು ಪಫ್‌ನಷ್ಟು ಔಷಧ ಸಿಗುವುದಿಲ್ಲ. ಪಫ್ ಒತ್ತಿ ತಡ ಮಾಡಿ ಉಸಿರಾಡಿಸಿದರೂ ಹಾಗೇ.

ಸ್ಟೀರಾಯ್ಡ್ ಇನ್ಹೇಲರ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗಿಸಬೇಕು. ಮುಕ್ಕಳಿಸಲು ಬಾರದ ಕೂಸಿಗೆ ನೀರು ಕುಡಿಸಿ, ಮಾಸ್ಕ್ ಕೂತ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಬೆಳಗ್ಗೆ ಹಲ್ಲುಜ್ಜುವ ಮೊದಲು, ರಾತ್ರಿ ಮಲಗುವಾಗ ಹಲ್ಲುಜ್ಜುವ ಮೊದಲು ಎಂದು ಹೇಳಿದರೆ ಮರೆವೂ ಇಲ್ಲ, ಮುಕ್ಕಳಿಸುವುದೂ ತಾನಾಗಿ ಆಗುತ್ತೆ.

ಮಾಸ್ಕ್ ಸುಮಾರು 4 ವರ್ಷದ ತನಕ. ಮಗು ತುಟಿ ಬಿಗಿ ಹಿಡಿದು ಬಾಯಿಂದ ಉಸಿರಾಡಲು ಕಲಿತ ದಿನವೇ ಮಾಸ್ಕ್ ತೆಗೆದು ಬಾಯಿತುದಿಗೆ ಬದಲಿಸಿ. ಮಾಸ್ಕ್ ಇದ್ದರೆ ಔಷಧದ ಒಂದು ಪಾಲು ಮೂಗಿನಲ್ಲೇ ಉಳಿಯುತ್ತೆ.

ತುಮಕೂರು_ಪೋಷಕಿ

ಎರಡು ವರ್ಷದ ಮಗು ಮಾಸ್ಕ್ ಕಂಡ ಕೂಡಲೇ ಅಳಲು ಶುರುಮಾಡಿದರೆ? ಅಳುವಾಗ ಬಾಯಿ ದೊಡ್ಡದಾಗಿ ತೆರೆಯುತ್ತಲ್ಲ, ಔಷಧ ಚೆನ್ನಾಗಿ ಒಳಗೆ ಹೋಗುತ್ತೆ ಎಂದು ಹೇಳುವವರಿದ್ದಾರೆ. ನಿದ್ದೆಯಲ್ಲಿ ಕೊಡಬಹುದೇ?

ಉಸಿರಾಟ_ಶಿಕ್ಷಕಿ

ಅಳುವಾಗ ಒಳಗೆ ಹೋಗುತ್ತೆ ಅನ್ನುವುದು ತಪ್ಪು ತಿಳಿವಳಿಕೆ. ಅಳುವಾಗ ಉಸಿರು ಬಿಡುವುದು ಉದ್ದ, ಎಳೆಯುವುದು ಗಬಕ್ಕನೆ ಒಂದು ಕ್ಷಣ. ಆ ವೇಗಕ್ಕೆ ಔಷಧ ಗಂಟಲಲ್ಲೇ ಬಡಿದು ನಿಂತು ಹೊಟ್ಟೆಗೆ ಹೋಗುತ್ತೆ, ಶ್ವಾಸಕೋಶಕ್ಕೆ ಇಳಿಯುವುದು ತೀರಾ ಕಡಿಮೆ. ಮಾಸ್ಕನ್ನು ಮುಖದಿಂದ ಸ್ವಲ್ಪ ದೂರ ಹಿಡಿದು ಊದುವುದೂ ವ್ಯರ್ಥ. ಒಂದೆರಡು ಸೆಂಟಿಮೀಟರ್ ಸಂದು ಬಿದ್ದರೂ ಒಳಸೇರುವ ಔಷಧ ಎಷ್ಟೋ ಪಟ್ಟು ತಗ್ಗುತ್ತೆ. ನಿದ್ದೆಯಲ್ಲಿ ಕೊಟ್ಟರೆ ಬಹುಪಾಲು ಮಕ್ಕಳು ಎಚ್ಚರಗೊಂಡು ಕೊಸರಾಡುತ್ತವೆ, ಆಮೇಲೆ ಮಾಸ್ಕ್ ಎಂದರೇ ಹೆದರಿಕೆ.

ಮಾಡಬೇಕಾದ್ದು: ಕಾಯಿಲೆ ಇಲ್ಲದ ದಿನ, ಔಷಧ ಇಲ್ಲದೆ, ಬರೀ ಸ್ಪೇಸರ್ ಕೊಟ್ಟು ಆಡಲು ಬಿಡಿ. ಗೊಂಬೆಗೆ, ಅಪ್ಪನಿಗೆ, ಅಜ್ಜಿಗೆ ಮಾಸ್ಕ್ ಹಾಕಲಿ. ಆಮೇಲೆ ಮಗುವನ್ನು ತೊಡೆಯ ಮೇಲೆ ಬೆನ್ನು ನಿಮ್ಮ ಎದೆಗೆ ಆನಿಸಿ ನೆಟ್ಟಗೆ ಕೂರಿಸಿ. ಒಂದು ಕೈ ಮಗುವಿನ ಕೈಗಳ ಮೇಲೆ, ಇನ್ನೊಂದು ಕೈಯಲ್ಲಿ ಸ್ಪೇಸರ್. ‘ಒಂದು ಎರಡು ಬಾಳೆಲೆ ಹರಡು’ ಹೇಳುತ್ತಾ ಹೋದರೆ ಉಸಿರು ಎಣಿಸಿದ ಹಾಗೂ ಆಯಿತು, ಹತ್ತಕ್ಕೆ ಮುಗಿಯುತ್ತೆ ಎಂದು ಮಗುವಿಗೂ ಗೊತ್ತಾಗುತ್ತೆ. ಮಲಗಿಸಿ, ಕೈಕಾಲು ಅದುಮಿ ಕೊಡುವ ಪದ್ಧತಿ ಬೇಡವೇ ಬೇಡ. ತೀವ್ರ ಉಬ್ಬಸದ ಹೊತ್ತಿನಲ್ಲಿ ಮಾತ್ರ ಅತ್ತರೂ ಕೊಡಲೇಬೇಕು.

ಔಷಧದಂಗಡಿ

ಔಷಧ ಕೊಡುವ ಕಡೆಯಿಂದ ಮೂರು ವಿಷಯ.

ಬಣ್ಣ ಹೇಳಿ ಕಲಿಸಬೇಡಿ. ‘ನೀಲಿ ತುರ್ತಿಗೆ, ಕಂದು ದಿನಾ’ ಎಂಬ ಪಾಠ ಹೊರದೇಶದ ಪುಸ್ತಕಗಳದ್ದು. ನಮ್ಮಲ್ಲಿ ಕಂಪನಿಗೊಂದು ಬಣ್ಣ. ಮುಂದಿನ ತಿಂಗಳು ಬೇರೆ ಕಂಪನಿಯದು ಕೊಟ್ಟರೆ ಮನೆಯವರು ದಿನಾ ಕೊಡುವುದನ್ನು ಉಬ್ಬಸ ಬಂದಾಗ, ಉಬ್ಬಸದ್ದನ್ನು ದಿನಾ ಕೊಡುತ್ತಾರೆ. ಚೀಟಿ ಅಂಟಿಸಿ: ದಿನಾ ಕೊಡುವುದಕ್ಕೆ ಸೂರ್ಯ-ಚಂದ್ರ ಬರೆದು, ತುರ್ತಿನದಕ್ಕೆ ಬಾರಿಸುವ ಗಂಟೆಯ ಚಿತ್ರ ಬರೆದು. ಓದು ಬಾರದ ಅಜ್ಜಿಗೂ ತಪ್ಪುವುದಿಲ್ಲ. ಅಂಟಿಸುವುದು ಪ್ಲಾಸ್ಟಿಕ್ ಕವಚಕ್ಕಲ್ಲ, ಒಳಗಿನ ಲೋಹದ ಡಬ್ಬಿಗೆ. ತೊಳೆಯುವಾಗ ಎರಡು ಕವಚ ಅದಲುಬದಲಾಗುವುದುಂಟು.

ಎರಡನೆಯದು ಎಣಿಕೆ. ಡಬ್ಬಿಯಲ್ಲಿ ಸಾಮಾನ್ಯವಾಗಿ 200 ಪಫ್ (120ರದ್ದೂ ಇವೆ, ಡಬ್ಬಿಯ ಮೇಲೆ ಬರೆದಿದ್ದನ್ನು ನೋಡಿ). ದಿನಕ್ಕೆ ಬೆಳಗ್ಗೆ 2, ರಾತ್ರಿ 2 ಆದರೆ 50 ದಿನ. ಶುರುಮಾಡಿದ ದಿನವನ್ನೂ ಮುಗಿಯುವ ದಿನವನ್ನೂ ಡಬ್ಬಿಯ ಮೇಲೆ ಬರೆದುಬಿಡಿ. ಎಣಿಕೆ ತೋರಿಸುವ ಕಿಟಕಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕುಲುಕಿ ನೋಡಿ ‘ಇನ್ನೂ ಇದೆ’ ಅನ್ನುವುದು ಮೋಸ. ಔಷಧ ಮುಗಿದ ಮೇಲೂ ಒತ್ತಡದ ಅನಿಲ ಉಳಿದು ಬುಸ್ ಅನ್ನುತ್ತಲೇ ಇರುತ್ತೆ. ನೀರಲ್ಲಿ ತೇಲಿಸಿ ನೋಡುವುದಂತೂ ಬೇಡ, ಫಲಿತಾಂಶ ನಂಬುವಂತಿಲ್ಲ, ಕವಾಟಕ್ಕೂ ನೀರು ಸೇರುತ್ತೆ. ಹೊಸ ಡಬ್ಬಿಯನ್ನು, ಇಲ್ಲವೇ ಎರಡು ವಾರ ಮುಟ್ಟದ್ದನ್ನು ಮೊದಲು ಕುಲುಕಿ 2–4 ಸಲ ಗಾಳಿಗೆ ಬಿಟ್ಟು ಆಮೇಲೆ ಬಳಸಬೇಕು. ಎಷ್ಟು ಸಲ ಎಂಬುದು ಒಳಗಿನ ಕಾಗದದಲ್ಲಿದೆ.

ಮೂರನೆಯದನ್ನು ಒತ್ತಿ ಹೇಳುತ್ತೇನೆ. ಸಾಲ್ಬುಟಮಾಲ್ ಡಬ್ಬಿ ಒಂದೇ ಮಗುವಿಗೆ ಪದೇ ಪದೇ ಖರ್ಚಾಗುತ್ತಿದ್ದರೆ ಅದೇ ಎಚ್ಚರಿಕೆಯ ಗಂಟೆ. ಜಾಗತಿಕ ಅಸ್ತಮಾ ಮಾರ್ಗಸೂಚಿ, ಅಂದರೆ ಜಿನಾ ಹೇಳುವ ಪ್ರಕಾರ ವರ್ಷಕ್ಕೆ 200 ಪಫ್‌ನ 3 ಡಬ್ಬಿ ಅಥವಾ ಹೆಚ್ಚು ಖಾಲಿಯಾದರೆ ತೀವ್ರ ಉಬ್ಬಸದ ಅಪಾಯ ಹೆಚ್ಚು. 12 ಅಥವಾ ಹೆಚ್ಚಾದರೆ ಸಾವಿನ ಅಪಾಯವೇ ಹೆಚ್ಚು. ಅಂಗಡಿಯವರು ಕೊಟ್ಟು ಸುಮ್ಮನಾಗದೆ ‘ದಿನಾ ಕೊಡೋದು ನಡೀತಿದೆಯಾ’ ಎಂದು ಕೇಳಬೇಕು.

ತುಮಕೂರು_ಪೋಷಕಿ

ದಿನಾ ಸ್ಟೀರಾಯ್ಡ್ ಎಂದರೆ ಮನೆಯಲ್ಲಿ ಹಿರಿಯರು ಒಪ್ಪುವುದಿಲ್ಲ. ‘ಚಟ ಆಗುತ್ತೆ, ಮಗು ಬೆಳೆಯಲ್ಲ, ಸಿರಪ್ ಇದೆಯಲ್ಲ’ ಎಂಬ ಮೂರು ಮಾತು ಎಲ್ಲ ಮನೆಯಲ್ಲೂ ಬರುತ್ತೆ. ಇದಕ್ಕೆ ಅಂಕಿಯಲ್ಲಿ ಉತ್ತರ ಬೇಕು.

ಮಕ್ಕಳ_ಡಾಕ್ಟ್ರು

ಹಿರಿಯರನ್ನೇ ಕರೆದು ಕೂರಿಸಿ ಹೇಳಬೇಕು. ತಾಯಿಗೆ ಮಾತ್ರ ಹೇಳಿ ಕಳಿಸಿದರೆ ಮನೆಯಲ್ಲಿ ವಾದ ಮಾಡುವ ಹೊರೆ ಅವಳೊಬ್ಬಳ ಮೇಲೆ ಬೀಳುತ್ತೆ.

ಸಿರಪ್: ಸಾಲ್ಬುಟಮಾಲ್ ಸಿರಪ್ 5 ಮಿ.ಲೀ.ನಲ್ಲಿ 2 ಮಿ.ಗ್ರಾಂ, ಅಂದರೆ 2,000 ಮೈಕ್ರೋಗ್ರಾಂ. ಒಂದು ಪಫ್‌ನಲ್ಲಿ 100. ಒಂದು ಚಮಚ ಸಿರಪ್ ಎಂದರೆ 20 ಪಫ್‌ನಷ್ಟು ಔಷಧ. ಅದು ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಸುತ್ತಿಬಳಸಿ ಶ್ವಾಸಕೋಶಕ್ಕೆ ಬರಬೇಕು. ತಡವಾಗಿ ಕೆಲಸ ಮಾಡುತ್ತೆ, ಕೈನಡುಕ, ಎದೆಬಡಿತ ಹೆಚ್ಚು. ‘ಸಿರಪ್ ಸೌಮ್ಯ, ಇನ್ಹೇಲರ್ ಜೋರು’ ಅನ್ನುವುದು ಪೂರ್ತಿ ಉಲ್ಟಾ.

ಸ್ಟೀರಾಯ್ಡ್: ಪ್ರೆಡ್ನಿಸೊಲೋನ್ ಸಿರಪ್ ಒಂದು ಬಗೆಯದರಲ್ಲಿ 5 ಮಿ.ಲೀ.ಗೆ 5 ಮಿ.ಗ್ರಾಂ, ಅಂದರೆ 5,000 ಮೈಕ್ರೋಗ್ರಾಂ. ದಿನಕ್ಕೆ 200 ಮೈಕ್ರೋಗ್ರಾಂ ಬ್ಯುಡೆಸೊನೈಡ್ ಎಳೆಯುವ ಮಗುವಿಗೆ ಅಷ್ಟು ತೂಕ ತಲುಪಲು 25 ದಿನ ಬೇಕು. ಎರಡೂ ಬೇರೆ ಬೇರೆ ಔಷಧ, ಶಕ್ತಿಯೂ ಬೇರೆ, ಆದ್ದರಿಂದ ಇದನ್ನು ತಕ್ಕಡಿಯ ಲೆಕ್ಕವಾಗಿ ಹೇಳಬೇಡಿ. ಹೇಳಬೇಕಾದ್ದು ಇಷ್ಟು: ಸಿರಪ್ ಇಡೀ ಮೈಗೆ ಹರಡುತ್ತೆ, ಪಫ್ ನೇರವಾಗಿ ಬೇಕಾದ ಕಡೆಗೇ ಕೊಡುವಂಥದ್ದು. ದಿನದ ಪಫ್ ಬಿಟ್ಟ ಮಗುವಿಗೆ ಉಬ್ಬಸ ಕೆರಳಿದಾಗ ಕೊನೆಗೆ ಕೊಡಬೇಕಾಗುವುದು ಆ ಬಾಯಿಯ ಸ್ಟೀರಾಯ್ಡನ್ನೇ, ಸಾಮಾನ್ಯವಾಗಿ ಕೆ.ಜಿ. ತೂಕಕ್ಕೆ ದಿನಕ್ಕೆ 1–2 ಮಿ.ಗ್ರಾಂ, 3ರಿಂದ 5 ದಿನ.

ಬೆಳವಣಿಗೆ: ಸುಳ್ಳು ಹೇಳಬೇಡಿ. ‘ಏನೂ ಆಗಲ್ಲ’ ಎಂದರೆ ಮುಂದೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಅಮೆರಿಕದಲ್ಲಿ ದಿನಕ್ಕೆ 400 ಮೈಕ್ರೋಗ್ರಾಂ ಬ್ಯುಡೆಸೊನೈಡನ್ನು 4–6 ವರ್ಷ ತೆಗೆದುಕೊಂಡ ಮಕ್ಕಳನ್ನು ದೊಡ್ಡವರಾಗುವ ತನಕ ಅಳೆದು 2012ರಲ್ಲಿ ವರದಿ ಪ್ರಕಟಿಸಿದರು. ಸರಾಸರಿ ವ್ಯತ್ಯಾಸ 1.2 ಸೆಂ.ಮೀ. ಒಂದು ಬೆರಳಿನ ಅಗಲಕ್ಕಿಂತಲೂ ಕಡಿಮೆ. ಪ್ರತಿ ಭೇಟಿಯಲ್ಲೂ ಎತ್ತರ ಅಳೆದು ಮನೆಯವರ ಕಣ್ಣೆದುರೇ ಕಾರ್ಡಿನಲ್ಲಿ ಬರೆಯಿರಿ. ಹತೋಟಿ ಮೂರು ತಿಂಗಳು ನಿಂತರೆ ಡೋಸ್ ಇಳಿಸಿ ನೋಡುತ್ತೇವೆ ಎಂದೂ ಹೇಳಿ. ಇಳಿಸುವುದು ಡಾಕ್ಟರ್, ನೀವೇ ನಿಲ್ಲಿಸುವಂತಿಲ್ಲ.

ಚಟ: ಚಟ ಎಂದರೆ ಬೇಕು ಬೇಕು ಅನ್ನಿಸಬೇಕು. ಇದನ್ನು ಮಕ್ಕಳು ಮರೆಯುತ್ತವೆ, ದೊಡ್ಡವರು ನೆನಪಿಸಬೇಕು.

ಅಸ್ತಮಾ, ಅಲರ್ಜಿಗೆ ಕೊಡುವ ಮಾಂಟೆಲುಕಾಸ್ಟ್ ಸಿರಪ್ ಬಗ್ಗೆಯೂ ಒಂದು ಮಾತು. ನೆಗಡಿಗೆಲ್ಲ ಕೊಡುತ್ತಿರುವುದರಿಂದ ಮನೆಯವರು ಅದನ್ನು ಸಾಧು ಔಷಧ ಅಂದುಕೊಂಡಿದ್ದಾರೆ. ಕೆಟ್ಟ ಕನಸು, ಸಿಡುಕು, ನಡವಳಿಕೆ ಬದಲಾವಣೆ ಕಂಡೀತೆಂದು ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಅತಿ ಗಂಭೀರ ಎಚ್ಚರಿಕೆ ಸೇರಿಸಿದ್ದಾರೆ. ಕೊಡುತ್ತಿದ್ದರೆ ಇದನ್ನು ಮೊದಲೇ ಹೇಳಿ, ಮಗುವಿನ ನಿದ್ದೆ, ಸ್ವಭಾವ ಬದಲಾದರೆ ಬಂದು ತಿಳಿಸಲಿ.

ಮಲೆನಾಡು_ಆಶಾ

ಮನೆಮನೆಗೆ ಹೋದಾಗ ಮಾತ್ರ ಕಣ್ಣಿಗೆ ಬೀಳುವುದನ್ನು ಸೇರಿಸಿ ಅಂತ ನನ್ನ ವಿನಂತಿ. ಓಪಿಡಿಯಲ್ಲಿ ‘ಧೂಳು, ಹೊಗೆಯಿಂದ ದೂರ ಇಡಿ’ ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಹೊಗೆ ಎಂದರೆ ಬೀಡಿ, ಲಾರಿ ಎಂದುಕೊಂಡಿರುತ್ತಾರೆ.

ಕೂಸಿಗೆ ಎಣ್ಣೆನೀರು ಹಾಕಿ, ಟವೆಲಿನಲ್ಲಿ ಸುತ್ತಿ, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ತಲೆಗೂದಲು ಒಣಗಲೆಂದು ಹೊಗೆ ಕೊಡುತ್ತಾರಲ್ಲ, ಅದನ್ನು ಯಾರೂ ಹೊಗೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಗಿಲು ಮುಚ್ಚಿದ ಬಚ್ಚಲ ಕೋಣೆ, ಒಳಗೆ ಹಂಡೆ ಒಲೆಯ ಹೊಗೆ, ಮೇಲೆ ಸಾಂಬ್ರಾಣಿ. ಉಬ್ಬಸದ ಮಗುವಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಅಜ್ಜಿಗೆ ‘ನಿಮ್ಮ ಪದ್ಧತಿ ತಪ್ಪು’ ಅಂದರೆ ಕೇಳುವುದಿಲ್ಲ. ‘ತಲೆ ಒಣಗಬೇಕು, ಅಷ್ಟೇ ತಾನೆ? ಒಣ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿಯೋಣ, ಸಾಂಬ್ರಾಣಿ ದೇವರ ಮುಂದೆ ಹಾಕಿ, ಮಗು ಆಚೆ ಕೋಣೆಯಲ್ಲಿರಲಿ’ ಅಂದರೆ ಒಪ್ಪುತ್ತಾರೆ.

ಸೊಳ್ಳೆ ಬತ್ತಿ ಎರಡನೆಯದು. ರಾತ್ರಿಯಿಡೀ ಮಂಚದ ಕೆಳಗೆ ಉರಿಯುತ್ತಿರುತ್ತೆ. ಸೊಳ್ಳೆ ಪರದೆ ಕಟ್ಟಲಿ. ಒಲೆ ಹೊಗೆಗೆ ಅಡುಗೆ ಹೊತ್ತಿನಲ್ಲಿ ಮಗು ಅಡುಗೆಮನೆಯಲ್ಲಿ ಇರದಂತೆ ನೋಡಿಕೊಳ್ಳುವುದು ಇವತ್ತೇ ಸಾಧ್ಯವಾಗುವ ಕೆಲಸ.

ಮಳೆಗಾಲದಲ್ಲಿ ನಮ್ಮ ಕಡೆ ಗೋಡೆ ಬೂಷ್ಟು ಹಿಡಿಯುತ್ತೆ, ಹತ್ತಿ ಹಾಸಿಗೆ ಒದ್ದೆ ವಾಸನೆ ಬರುತ್ತೆ. ಒಳಗೆ ಬಟ್ಟೆ ಒಣಹಾಕಿ ಒಲೆ ಕಾವಿಗೆ ಬಿಡುತ್ತಾರೆ. ಮಗುವಿನ ಹಾಸಿಗೆಯನ್ನು ಗೋಡೆಯಿಂದ ದೂರ ಎಳೆದು ಹಾಕಿ, ಬಿಸಿಲು ಬಿದ್ದ ದಿನ ಮೊದಲು ಅದನ್ನೇ ಹೊರಗೆ ಹಾಕಿ. ಹೊದಿಕೆಯನ್ನು ವಾರಕ್ಕೊಮ್ಮೆ ಕೈ ಸುಡುವಷ್ಟು ಬಿಸಿ ನೀರಲ್ಲಿ ನೆನೆಸಿ ಒಗೆಯಲಿ. ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಲಿ, ಗುಡಿಸುವುದಾದರೆ ಮಗು ಹೊರಗಿರುವಾಗ.

ಬಾಳೆಹಣ್ಣು, ಮೊಸರು, ಕಿತ್ತಳೆ ಎಲ್ಲ ‘ಶೀತ’ ಎಂದು ನಿಲ್ಲಿಸಿ ಮಗು ಸೊರಗಿರುವುದನ್ನೂ ನೋಡುತ್ತೇವೆ. ಇದಕ್ಕೆ ಡಾಕ್ಟ್ರು ಉತ್ತರ ಕೊಡಲಿ.

ಮಕ್ಕಳ_ಡಾಕ್ಟ್ರು

ಆಶಾ ಹೇಳಿದ ಸಾಂಬ್ರಾಣಿಯ ಮಾತನ್ನು ಪಾಠದಲ್ಲಿ ಖಂಡಿತ ಸೇರಿಸಿ. ಖರ್ಚಿಲ್ಲದೆ ಆಗುವುದು ಹೊಗೆ ತಪ್ಪಿಸುವುದು, ಅದಕ್ಕೇ ಮೊದಲ ಜಾಗ. ದುಬಾರಿ ಹಾಸಿಗೆ ಕವರ್, ಗಾಳಿ ಶುದ್ಧಿ ಯಂತ್ರಕ್ಕೆ ಸಾಲ ಮಾಡಿಸಬೇಡಿ. ಅದೊಂದರಿಂದಲೇ ಅಸ್ತಮಾ ಹತೋಟಿಗೆ ಬರುವುದಿಲ್ಲ. ಆ ದುಡ್ಡಿನಲ್ಲಿ ಎರಡನೇ ಸ್ಪೇಸರ್ ಬರುತ್ತೆ.

ಆಹಾರ: ಒಂದು ಪದಾರ್ಥ ತಿಂದಾಗಲೆಲ್ಲ ಸ್ವಲ್ಪ ಹೊತ್ತಿನಲ್ಲೇ ದದ್ದು, ವಾಂತಿ, ಉಬ್ಬಸ ಬಂದಿದ್ದರೆ ಮಾತ್ರ ಅದನ್ನು ನಿಲ್ಲಿಸಿ ಪರೀಕ್ಷೆಗೆ ಬರಲಿ. ಶೀತ-ಉಷ್ಣದ ಲೆಕ್ಕದಲ್ಲಿ ಹಣ್ಣು, ಮೊಸರು ಬಿಡಿಸುವುದು ಬೇಡ. ಮಕ್ಕಳಲ್ಲಿ ಉಬ್ಬಸ ಕೆರಳಿಸುವುದರಲ್ಲಿ ಮುಂದಿರುವುದು ವೈರಸ್ ನೆಗಡಿ. ಜೂನ್‌ನಲ್ಲಿ ಶಾಲೆ ಶುರುವಾಗಿ ಮಳೆಯೂ ಹಿಡಿದಾಗ ಬಾಳೆಹಣ್ಣಿನ ಮೇಲೆ ಅಪವಾದ ಬರುತ್ತೆ. ದಿನದ ಪಫ್ ಮೇ ತಿಂಗಳಲ್ಲಿ ತಪ್ಪದಂತೆ ನೋಡಿ, ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಗೆ ಹೋಗುವ ಚೀಲದಲ್ಲಿ ಇನ್ಹೇಲರ್ ಇರಲಿ. ವರ್ಷಕ್ಕೊಂದು ಫ್ಲೂ ಲಸಿಕೆ ಹಾಕಿಸಿ.

ಕುದಿಯುವ ನೀರಿನ ಆವಿಯಿಂದ ಉಬ್ಬಸ ಇಳಿಯುವುದಿಲ್ಲ, ಪಾತ್ರೆ ಮಗುಚಿ ಮಕ್ಕಳು ಸುಟ್ಟುಕೊಳ್ಳುತ್ತವೆ. ಕರ್ಪೂರ, ನೀಲಗಿರಿ ಎಣ್ಣೆಯನ್ನು ಎಳೆ ಮಕ್ಕಳ ಮೂಗು, ಎದೆಗೆ ಹಚ್ಚಬಾರದು.

ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿನಲ್ಲಿ ಕೊಡುವ ಮೀನಿನ ಔಷಧಕ್ಕೆ ನಮ್ಮ ಗಡಿ ಜಿಲ್ಲೆಗಳವರೂ ಹೋಗುತ್ತಾರೆ. ಜಗಳ ಬೇಡ. ‘ಹೋಗುವುದಾದರೆ ತುರ್ತಿನ ಇನ್ಹೇಲರ್, ಸ್ಪೇಸರ್ ಜೇಬಿನಲ್ಲಿರಲಿ, ದಿನದ್ದನ್ನು ಒಂದು ಹೊತ್ತೂ ಬಿಡಬೇಡಿ’ ಎಂದು ಹೇಳಿ. ಬೈದರೆ ಅವರು ಹೋಗುವುದನ್ನು ನಿಲ್ಲಿಸುವುದಿಲ್ಲ, ನಮಗೆ ಹೇಳುವುದನ್ನು ನಿಲ್ಲಿಸುತ್ತಾರೆ.

ಓಪಿಡಿ_ಸಿಸ್ಟರ್

ಉಬ್ಬಸ ಬಂದಾಗ ಏನು ಮಾಡಬೇಕು ಎಂಬ ಹಾಳೆಯಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ಭಾಗ ಮಾಡಿದ್ದೇವೆ. ಹಳದಿಯಲ್ಲಿ ‘ಉಬ್ಬಸ ಹೆಚ್ಚಾದರೆ ಇನ್ಹೇಲರ್ ಕೊಡಿ, ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಬನ್ನಿ’ ಎಂದಿದೆ. ಸಾಕೇ?

ಮಕ್ಕಳ_ಡಾಕ್ಟ್ರು

ಸಾಲದು. ಯಾವ ಇನ್ಹೇಲರ್, ಎಷ್ಟು ಪಫ್, ಎಷ್ಟು ಹೊತ್ತು ಕಾಯಬೇಕು, ಯಾವುದು ‘ಕಡಿಮೆಯಾಗದಿದ್ದರೆ’? ರಾತ್ರಿ ಎರಡು ಗಂಟೆಗೆ ಹೆದರಿಕೊಂಡ ಅಪ್ಪ ಓದುವ ಹಾಳೆ ಅದು.

ಹಳದಿಯ ಗುರುತು ಹೀಗೆ ಬರೆಯಿರಿ: ರಾತ್ರಿ ಕೆಮ್ಮಿ ಎದ್ದರೆ, ಉಸಿರಿನಲ್ಲಿ ಸುಂಯ್ ಸದ್ದು ಬಂದರೆ, ಆಟ ಅರ್ಧಕ್ಕೆ ಬಿಟ್ಟು ಕೂತರೆ. ಮಾಡಬೇಕಾದ್ದು: ಗಂಟೆ ಚೀಟಿಯ ಇನ್ಹೇಲರ್. 5 ವರ್ಷದೊಳಗಿನವರಿಗೆ 2 ಪಫ್, ಒಂದಾದ ಮೇಲೊಂದು. 20 ನಿಮಿಷ ಗಡಿಯಾರ ನೋಡಿ. ಬೇಕಾದರೆ ಮತ್ತೆ 2, ಮತ್ತೆ 20 ನಿಮಿಷ, ಮತ್ತೆ 2. ಎರಡು ಗಂಟೆಯೊಳಗೆ 6 ಪಫ್ ದಾಟುವ ಹಾಗಾದರೆ ತಡ ಮಾಡದೆ ಆಸ್ಪತ್ರೆ. ದೊಡ್ಡ ಮಕ್ಕಳಿಗೆ 4 ಪಫ್‌ನಿಂದ ಶುರು. ಆ ಮಗುವಿನ ಸಂಖ್ಯೆಯನ್ನು ಡಾಕ್ಟರ್ ಪೆನ್ನಿನಲ್ಲಿ ತುಂಬಬೇಕು, ಅಚ್ಚಾದ ಹಾಳೆ ಹಾಗೇ ಕೊಡಬಾರದು. ಮನೆಯಲ್ಲೇ ಆರಾಮಾದರೂ ಮರುದಿನದೊಳಗೆ ತೋರಿಸಲಿ. ವರ್ಷ ತುಂಬದ ಕೂಸಾದರೆ ಅದೇ ದಿನ.

ಕೆಂಪಿಗೆ ‘ತೀವ್ರ ಉಸಿರಾಟದ ತೊಂದರೆ’ ಎಂದು ಬರೆಯಬೇಡಿ. ಅಂಗಿ ಬಿಚ್ಚಿ ನೋಡಲು ಹೇಳಿ: ಉಸಿರೆಳೆದಾಗ ಪಕ್ಕೆಗಳ ನಡುವೆ, ಕತ್ತಿನ ಗುಳಿಯಲ್ಲಿ ಚರ್ಮ ಒಳಕ್ಕೆ ಸೆಳೆಯುತ್ತಿದೆಯೇ? ಮೂಗಿನ ಹೊಳ್ಳೆ ಅರಳುತ್ತಿದೆಯೇ? ಎರಡು ಮಾತಿಗೆ ಉಸಿರು ಕಟ್ಟುತ್ತಿದೆಯೇ, ಕೂಸು ಹಾಲು ಎಳೆಯಲಾರದೆ ಬಿಡುತ್ತಿದೆಯೇ? ತುಟಿ ನೀಲಿ ಅಥವಾ ಬೂದಿ ಬಣ್ಣವೇ? ತೂಗಡಿಸುತ್ತಿದೆಯೇ? ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ. ಬರುವ ತನಕವೂ ದಾರಿಯಲ್ಲೂ 20 ನಿಮಿಷಕ್ಕೊಮ್ಮೆ 6 ಪಫ್, ಮಗುವನ್ನು ಕೂರಿಸಿಯೇ. ಮಲಗಿಸಬೇಡಿ.

ಒಂದು ವಾಕ್ಯವನ್ನು ದಪ್ಪ ಅಕ್ಷರದಲ್ಲಿ ಹಾಕಿ: ಸುಂಯ್ ಸದ್ದು ನಿಂತು ಮಗು ಮಂಕಾದರೆ ಅದು ಗುಣವಲ್ಲ, ಗಾಳಿಯೇ ಆಡುತ್ತಿಲ್ಲ. ಸದ್ದು ನಿಂತಿತು, ನಿದ್ದೆ ಹತ್ತಿತು ಎಂದು ಮನೆಯವರು ನೆಮ್ಮದಿಪಡುವ ಹೊತ್ತು ಅತ್ಯಂತ ಅಪಾಯದ್ದು.

ಪೀಕ್ ಫ್ಲೋ ಮೀಟರ್ (ಜೋರಾಗಿ ಊದಿದಾಗ ಉಸಿರಿನ ವೇಗ ಅಳೆಯುವ ಸಾಧನ) 5–6 ವರ್ಷ ದಾಟಿದವರಿಗೆ ಮಾತ್ರ, ಅದೂ ಮನೆಯವರಿಗೆ ಲಕ್ಷಣ ಗುರುತಿಸಲು ಕಷ್ಟವಾದರೆ. ಮಗು ಆರಾಮವಿದ್ದಾಗಿನ ಅತ್ಯುತ್ತಮ ಸಂಖ್ಯೆಯ ಶೇ. 80ರ ಮೇಲೆ ಹಸಿರು, 50–80 ಹಳದಿ, 50ರ ಕೆಳಗೆ ಕೆಂಪು.

ಪಿಟಿ_ಮೇಷ್ಟ್ರು

ಶಾಲೆಯವರಿಗೂ ಆ ಹಾಳೆಯ ಒಂದು ಪ್ರತಿ ಕೊಡಿಸಿ. ಶಾಲೆಯಲ್ಲಿ ಎರಡು ತಪ್ಪು ನಡೆಯುತ್ತೆ. ಇನ್ಹೇಲರ್ ಅನ್ನು ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಬೀಗ ಹಾಕಿ ಇಡುವುದು ಒಂದು. ಅದು ಮಗುವಿನ ಚೀಲದಲ್ಲೋ ತರಗತಿಯಲ್ಲೋ ಇರಬೇಕು, ಆಟದ ಮೈದಾನಕ್ಕೂ ಬರಬೇಕು. ಇನ್ನೊಂದು, ಅಸ್ತಮಾ ಮಗುವನ್ನು ಆಟದಿಂದಲೇ ದೂರ ಕೂರಿಸುವುದು. ಓಡಿದರೆ ಉಬ್ಬಸ ಬರುತ್ತೆ ಎಂದರೆ ಹತೋಟಿ ಸಾಲದು ಎಂದರ್ಥ. ಆ ಸುದ್ದಿ ಮನೆಗೂ ಡಾಕ್ಟರಿಗೂ ಮುಟ್ಟಬೇಕು. 10 ನಿಮಿಷ ನಿಧಾನವಾಗಿ ಮೈ ಬಿಸಿಮಾಡಿಕೊಂಡು ಆಡಿಸಿ. ಡಾಕ್ಟರ್ ಬರೆದಿದ್ದರೆ ಆಟಕ್ಕೆ 15 ನಿಮಿಷ ಮೊದಲು 2 ಪಫ್. ಸೀಮೆಸುಣ್ಣದ ಡಸ್ಟರ್ ಒರೆಸುವ, ಕೋಣೆ ಗುಡಿಸುವ ಕೆಲಸ ಆ ಮಗುವಿಗೆ ಬೇಡ. ಶಾಲೆಯ ಅಂಚಿನ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕೀಳಿಸಿ, ಮಕ್ಕಳಿಂದ ಕೀಳಿಸಬೇಡಿ.

ಔಷಧದಂಗಡಿ

ನೆಬ್ಯುಲೈಸರ್ (ದ್ರವ ಔಷಧವನ್ನು ಮಂಜಿನಂತೆ ಮಾಡಿ ಉಸಿರಾಡಿಸುವ ಯಂತ್ರ) ಬಗ್ಗೆ ಯಾರೂ ಬರೆದಿಲ್ಲ. ಯಂತ್ರ ಮನೆಗೇ ಕೊಂಡೊಯ್ಯುವವರು ಹೆಚ್ಚಾಗಿದ್ದಾರೆ.

ಉಸಿರಾಟ_ಶಿಕ್ಷಕಿ

ಬಹುತೇಕ ಮನೆಗೆ ಅದು ಬೇಡ. ಸಾಧಾರಣ ಉಬ್ಬಸಕ್ಕೆ ಸ್ಪೇಸರ್ ಅಷ್ಟೇ ಕೆಲಸ ಮಾಡುತ್ತೆ, ಎದೆಬಡಿತವೂ ಕಡಿಮೆ. ಕರೆಂಟ್ ಬೇಡ. ನೆಬ್ಯುಲೈಸರ್‌ನಲ್ಲಿ ಒಂದು ಸಲಕ್ಕೆ ಸುಮಾರು 10 ನಿಮಿಷ. ಔಷಧದ ಬಟ್ಟಲು ತೊಳೆದು ಒಣಗಿಸದಿದ್ದರೆ ಅದೇ ಸೋಂಕಿನ ಮೂಲ. ಈಗಾಗಲೇ ಇದ್ದರೆ: ಮಾಸ್ಕ್ ಬಿಗಿಯಾಗಿ ಕೂರಬೇಕು, ಬ್ಯುಡೆಸೊನೈಡ್ ದ್ರವ ಅಲ್ಟ್ರಾಸಾನಿಕ್ ಬಗೆಯ ಯಂತ್ರಕ್ಕೆ ಹೊಂದುವುದಿಲ್ಲ, ಜೆಟ್ ಬಗೆಯದೇ ಬೇಕು.

ಸ್ಪೇಸರ್ ಕೊಳ್ಳಲಾಗದವರಿಗೆ 500 ಮಿ.ಲೀ. ನೀರಿನ ಬಾಟಲಿ. 1999ರಲ್ಲಿ ಕೇಪ್‌ಟೌನಿನ ಮಕ್ಕಳಲ್ಲಿ ಹೋಲಿಸಿ ನೋಡಿದಾಗ, ಸಂದು ಮುಚ್ಚಿದ ಬಾಟಲಿ ಕೊಂಡ ಸ್ಪೇಸರ್‌ನಷ್ಟೇ ಕೆಲಸ ಮಾಡಿತ್ತು, ಥರ್ಮೋಕೋಲ್ ಲೋಟ ಹಿಂದೆ ಬಿದ್ದಿತ್ತು. ಬಾಟಲಿಯ ತಳದಲ್ಲಿ ಇನ್ಹೇಲರ್ ಬಾಯಿಯ ಆಕಾರಕ್ಕೆ ಸರಿಯಾಗಿ ತೂತು, ಸುತ್ತ ಅಂಟು ಹಾಕಿ ಸಂದು ಮುಚ್ಚಬೇಕು. ಮಗು ಬಾಟಲಿಯ ಬಾಯಿಗೆ ತುಟಿ ಬಿಗಿ ಹಿಡಿದು ಉಸಿರಾಡಬೇಕು. ತುಟಿ ಹಿಡಿಯಲು ಬಾರದ ಕೂಸಿಗೆ ಇದು ಆಗದು. ತೂತು ಸಡಿಲವಾದರೆ ಪ್ರಯೋಜನವಿಲ್ಲ.

ದೊಡ್ಡ ಮಕ್ಕಳಿಗೆ ಪುಡಿ ಕ್ಯಾಪ್ಸೂಲಿನ ಇನ್ಹೇಲರ್ ಕೊಡುವುದಾದರೆ ಮೂರು ಎಚ್ಚರ. ಕ್ಯಾಪ್ಸೂಲ್ ನುಂಗುವುದಲ್ಲ ಎಂದು ಬಾಯಿಬಿಟ್ಟು ಹೇಳಿ. ಯಂತ್ರದೊಳಗೆ ಉಸಿರು ಬಿಡಬಾರದು, ಪುಡಿ ಹಾರುತ್ತೆ, ತೇವಕ್ಕೆ ಗಂಟೂ ಕಟ್ಟುತ್ತೆ. ಮತ್ತು ಜೋರಾಗಿ ಎಳೆಯಬೇಕು, ಉಬ್ಬಸದ ಹೊತ್ತಿನಲ್ಲಿ ಮಗುವಿಗೆ ಆ ಶಕ್ತಿ ಇರುವುದಿಲ್ಲ. ಹಾಗಾಗಿ ಪುಡಿ ಬಳಸುವ ಮನೆಯಲ್ಲೂ ತುರ್ತಿಗೆ ಪಫ್ ಇನ್ಹೇಲರ್, ಸ್ಪೇಸರ್ ಇರಲೇಬೇಕು.

ಓಪಿಡಿ_ಸಿಸ್ಟರ್

ತಿದ್ದಿದ ಕ್ರಮ ಹೀಗಿದೆ. ಮೊದಲ 8 ನಿಮಿಷ ಸ್ಪೇಸರ್: ನಾವು ಒಮ್ಮೆ ತೋರಿಸುವುದು, ಮಗುವನ್ನು ನೋಡಿಕೊಳ್ಳುವ ಇಬ್ಬರೂ ಒಬ್ಬೊಬ್ಬರಾಗಿ ಮಾಡುವುದು. 4 ನಿಮಿಷ ಸೂರ್ಯ-ಚಂದ್ರ ಮತ್ತು ಗಂಟೆ ಚೀಟಿ ಅಂಟಿಸಿ ಎರಡು ಔಷಧದ ಕೆಲಸ, ಡಬ್ಬಿ ಮುಗಿಯುವ ದಿನ. 5 ನಿಮಿಷ ಹಳದಿ-ಕೆಂಪು ಹಾಳೆ, ಸಂಖ್ಯೆ ತುಂಬಿ. 3 ನಿಮಿಷ ಹೊಗೆ: ಸಾಂಬ್ರಾಣಿ, ಬತ್ತಿ, ಒಲೆ. ಇವತ್ತು ಮನೆಯಲ್ಲಿ ಯಾವುದನ್ನು ನಿಲ್ಲಿಸುತ್ತೀರಿ ಎಂದು ಒಂದೇ ಒಂದನ್ನು ಅವರ ಬಾಯಿಂದ ಹೇಳಿಸುವುದು. ಸ್ಟೀರಾಯ್ಡ್ ಹೆದರಿಕೆ, ಆಹಾರ, ಶಾಲೆ ಎಲ್ಲ ವಾರದೊಳಗಿನ ಮರುಭೇಟಿಗೆ.

ಉಸಿರಾಟ_ಶಿಕ್ಷಕಿ

ಚೆನ್ನಾಗಿದೆ. ಒಂದೇ ತಿದ್ದುಪಡಿ: ‘ಅರ್ಥ ಆಯ್ತಾ?’ ಎಂಬ ಪ್ರಶ್ನೆಯನ್ನು ಪಾಠದಿಂದಲೇ ತೆಗೆಯಿರಿ. ಅದಕ್ಕೆ ಬರುವ ಉತ್ತರ ಯಾವಾಗಲೂ ‘ಹ್ಞೂಂ, ಆಯ್ತು’. ‘ಮನೆಗೆ ಹೋಗಿ ಮಗುವಿನ ಅಪ್ಪನಿಗೆ ಹೇಗೆ ತೋರಿಸ್ತೀರಿ, ಇಲ್ಲೇ ನನಗೆ ತೋರಿಸಿ’ ಎನ್ನಿ. ತಪ್ಪಿದ ಹೆಜ್ಜೆಯನ್ನು ಮಾತ್ರ ಮತ್ತೆ ತೋರಿಸಿ. ಪ್ರತಿ ಭೇಟಿಗೂ ಸ್ಪೇಸರ್, ಇನ್ಹೇಲರ್ ಎರಡನ್ನೂ ತರಲು ಹೇಳಿ. ಇವತ್ತು ಸರಿಯಾಗಿ ಮಾಡಿದವರೂ ಕೆಲವು ವಾರದಲ್ಲಿ ಒಂದೆರಡು ಹೆಜ್ಜೆ ಮರೆತಿರುತ್ತಾರೆ, ಅದು ಅವರ ಅಸಡ್ಡೆಯಲ್ಲ.

ತುಮಕೂರು_ಪೋಷಕಿ

ಸ್ಪೇಸರ್ ತೊಳೆಯುವುದು ಹೇಗೆ ಎಂಬುದು ಉಳಿಯಿತು. ಒಳಗೆ ಬಿಳಿ ಪುಡಿ ಕೂತರೆ ಬಟ್ಟೆ ತೂರಿಸಿ ಒರೆಸಬಹುದೇ?

ಉಸಿರಾಟ_ಶಿಕ್ಷಕಿ

ಒರೆಸಬಾರದು. ಉಜ್ಜಿದರೆ ಪ್ಲಾಸ್ಟಿಕ್ಕಿಗೆ ಸ್ಥಿರ ವಿದ್ಯುತ್ ಹತ್ತುತ್ತೆ, ಬಾಚಣಿಗೆಗೆ ಕೂದಲು ಅಂಟಿದ ಹಾಗೆ ಔಷಧವೆಲ್ಲ ಗೋಡೆಗೆ ಅಂಟುತ್ತೆ. ಭಾಗಗಳನ್ನು ಬಿಚ್ಚಿ, ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ 15 ನಿಮಿಷ ನೆನೆಸಿ, ಎತ್ತಿ ನೀರು ಝಾಡಿಸಿ, ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ ತಾನಾಗಿ ಒಣಗಲು ಬಿಡಿ. ಮಾಸ್ಕ್, ಬಾಯಿತುದಿಯನ್ನು ಮಾತ್ರ ನೀರಲ್ಲಿ ಜಾಲಾಡಿಸಿ. ಒಳಗಿನ ಸೋಪಿನ ತೆಳು ಪದರ ಉಳಿಯಬೇಕು, ಅದೇ ಸ್ಥಿರ ವಿದ್ಯುತ್ತನ್ನು ತಡೆಯುವುದು. ಹೊಸ ಸ್ಪೇಸರನ್ನೂ ಮೊದಲ ಬಳಕೆಗೆ ಮುನ್ನ ಹೀಗೇ ತೊಳೆಯಿರಿ, ಆಮೇಲೆ ತಿಂಗಳಿಗೊಮ್ಮೆ. ಅವಸರಕ್ಕೆ ಹೊಸದನ್ನೇ ಬಳಸಬೇಕಾದರೆ ಕೆಲವು ಪಫ್ ಒಳಗೆ ಬಿಟ್ಟು ಗೋಡೆಗೆ ಲೇಪವಾದ ಮೇಲೆ ಮಗುವಿಗೆ ಕೊಡಿ. ಇನ್ಹೇಲರ್‌ನ ಪ್ಲಾಸ್ಟಿಕ್ ಕವಚವನ್ನು ವಾರಕ್ಕೊಮ್ಮೆ ತೊಳೆಯಿರಿ, ಲೋಹದ ಡಬ್ಬಿಗೆ ನೀರು ಸೋಕಿಸಬೇಡಿ. ಕವಾಟದ ಎಲೆ ಮಡಚಿದ್ದರೆ, ಹರಿದಿದ್ದರೆ ಸ್ಪೇಸರ್ ಬದಲಿಸಿ.